ಕೂಡಿ ಬರೆದ ಕೋಡ್ ಯಾರದ್ದು? ಓಪನ್ ಸೋರ್ಸ್‌ನಲ್ಲಿ ಗೆಲ್ಲಲು ಹನ್ನೊಂದು ಸೂತ್ರಗಳು

ಯಶವಂತಪುರದಿಂದ ಮೇಖ್ರಿ ಸರ್ಕಲ್ ಕಡೆಗೆ ಹೊರಟರೆ ಸಿ.ವಿ. ರಾಮನ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅಲ್ಲಿನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಂದಿಗೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಕ್ಷರ ಬಾರದವರೂ ಅಂಗೈಯಲ್ಲಿ ಹಿಡಿದು ಬಳಸಬಹುದಾದ, ಲಿನಕ್ಸ್ ಮೇಲೆ ನಡೆಯುವ ಅಗ್ಗದ ಕಂಪ್ಯೂಟರ್ ಮಾಡುವುದು ಅವರ ಆಸೆಯಾಗಿತ್ತು. 2004ರಲ್ಲಿ ಜಾಲಹಳ್ಳಿಯ ಬಿಇಎಲ್ ಜೊತೆಗೂಡಿ ‘ಅಮಿಡ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೂ ಬಂತು. ಆದರೆ ಜನರ ಕೈಗೆ ಮೊಬೈಲ್ ಫೋನ್ ಬಂದ ಮೇಲೆ ಅದಕ್ಕೆ ಜಾಗ ಉಳಿಯಲಿಲ್ಲ.

ಯಂತ್ರ ಹೋಯಿತು, ಅದರೊಳಗಿನ ಒಂದು ತಂತ್ರಾಂಶ ಉಳಿಯಿತು. ಬರಹವನ್ನು ಓದಿ ಹೇಳುವ ‘ಧ್ವನಿ’ಯನ್ನು ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ ಸಿಂಪ್ಯೂಟರ್‌ಗೆಂದೇ ಕಟ್ಟಿದ್ದರು. ಅದು ಜಿಪಿಎಲ್ ಲೈಸೆನ್ಸ್‌ನಲ್ಲಿ ಹೊರಬಂದಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಕನ್ನಡವೂ ಸೇರಿ ಹನ್ನೊಂದು ಭಾಷೆಗಳವರೆಗೆ ಅದು ಬೆಳೆಯಿತು. ಇದಕ್ಕೆ ಅವರು ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ. ಅನುಮತಿ ಕೋಡ್‌ನ ಜೊತೆಯಲ್ಲೇ ಇತ್ತು.

ನಾಳೆ ಬರುವ ಅಪರಿಚಿತರಿಗೆ ಇವತ್ತೇ ಅನುಮತಿ ಬರೆದಿಡುವುದು ಕೂಡಿ ಕೋಡ್ ಬರೆಯುವವರ ಮೊದಲ ಕೆಲಸ. ಯಲಹಂಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಮಾಡುತ್ತಿರುವವರು, ಹೆಬ್ಬಾಳ ದಾಟಿ ದಿನವೂ ಮಾನ್ಯತಾ ಟೆಕ್ ಪಾರ್ಕ್‌ಗೆ ಹೋಗಿಬರುವವರು, ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಿ ಕೂತು ಫ್ರೀಲಾನ್ಸ್ ಮಾಡುವವರು, ಈ ಮೂರೂ ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೊದಲ ಕಮಿಟ್‌ನಲ್ಲೇ ಲೈಸೆನ್ಸ್ ಫೈಲ್ ಇರಲಿ

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಕಾದಂಬರಿಗೆ ಸಿಗುವಂತೆ ಕೋಡ್‌ಗೂ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ‘ಸಿ’ ಅಕ್ಷರಕ್ಕೆ ಸುತ್ತು ಹಾಕಿದ ಗುರುತೂ ಬೇಕಿಲ್ಲ. ಬರೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಆ ಹಕ್ಕು ನಿಲ್ಲುತ್ತದೆ.

ಹಾಗಾಗಿ ಗಿಟ್‌ಹಬ್‌ಗೆ ಏರಿಸಿದ ಮಾತ್ರಕ್ಕೆ ಕೋಡ್ ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಇಲ್ಲದ ರೆಪೊವನ್ನು ಯಾರಾದರೂ ನೋಡಬಹುದು, ಆ ತಾಣದೊಳಗೇ ಫೋರ್ಕ್ ಮಾಡಬಹುದು. ತಮ್ಮ ಉತ್ಪನ್ನದಲ್ಲಿ ಬಳಸುವ, ತಿದ್ದಿ ಹಂಚುವ ಹಕ್ಕು ಅವರಿಗೆ ಇರುವುದಿಲ್ಲ. ಎಷ್ಟೋ ಒಳ್ಳೆಯ ಕನ್ನಡ ತಂತ್ರಾಂಶಗಳು ಹೀಗೆ ಅನಾಥವಾಗಿವೆ. ಬರೆದವರು ಕೊಡಲು ಸಿದ್ಧರಿದ್ದರು, ಕೊಟ್ಟೆವೆಂದು ಬರೆಯಲಿಲ್ಲ, ಅಷ್ಟೇ.

2. ನಾಲ್ವರು ಬರೆದರೆ ನಾಲ್ವರ ಸಹಿ

ಕಾಲೇಜು ಪ್ರಾಜೆಕ್ಟ್‌ಗಳು ಕುಸಿಯುವುದು ಹೆಚ್ಚಾಗಿ ಇಲ್ಲೇ. ವಿದ್ಯಾರ್ಥಿ ಯಾರ ನೌಕರನೂ ಅಲ್ಲ. ಕಾಲೇಜಿನ ನಿಯಮಕ್ಕೆ ಬೇರೆ ರೀತಿ ಸಹಿ ಹಾಕಿಲ್ಲದಿದ್ದರೆ ಅವನು ಅಥವಾ ಅವಳು ಬರೆದ ಕೋಡ್ ಅವರದ್ದೇ. ಟೀಮಿನಲ್ಲಿ ನಾಲ್ವರಿದ್ದರೆ ಹಕ್ಕುದಾರರೂ ನಾಲ್ವರು.

ಕಾಯ್ದೆ ಇಲ್ಲಿ ಒಂದು ಗೆರೆ ಎಳೆಯುತ್ತದೆ. ನಿಮ್ಮ ಭಾಗ ಬೇರೆ, ನನ್ನ ಭಾಗ ಬೇರೆ ಎಂದು ಬಿಡಿಸಿ ತೋರಿಸಬಹುದಾದರೆ ಅವರವರ ಭಾಗಕ್ಕೆ ಅವರವರೇ ಒಡೆಯರು. ಬಿಡಿಸಲಾಗದಂತೆ ಬೆರೆತಿದ್ದರೆ ಅದು ಜಂಟಿ ಕೃತಿ. ಜಂಟಿ ಕೃತಿಯೆಂದರೆ ಯಲಹಂಕದಲ್ಲಿ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿ ಖಾತೆಯಿರುವ ಸೈಟು ಇದ್ದಂತೆ: ಒಬ್ಬರ ಸಹಿ ತಪ್ಪಿದರೂ ವ್ಯವಹಾರ ನಿಲ್ಲುತ್ತದೆ. ಉಳಿದವರ ಒಪ್ಪಿಗೆಯಿಲ್ಲದೆ ಒಬ್ಬರೇ ಇಡೀ ಕೃತಿಗೆ ಲೈಸೆನ್ಸ್ ಕೊಡುವಂತಿಲ್ಲ. ಪ್ರಾಜೆಕ್ಟ್ ಮುಗಿದು ಎರಡು ವರ್ಷಕ್ಕೆ ಒಬ್ಬಳು ಜರ್ಮನಿಯಲ್ಲಿ ಎಂಎಸ್ ಮಾಡುತ್ತಿರುತ್ತಾಳೆ, ಇನ್ನೊಬ್ಬನ ನಂಬರೇ ಬದಲಾಗಿರುತ್ತದೆ. ಆಗ ಯಾವುದಾದರೂ ಸಂಸ್ಥೆ ನಿಮ್ಮ ಕೋಡ್ ಬೇಕೆಂದರೆ ಕೊಡುವುದು ಹೇಗೆ?

ಅರ್ಧ ಪುಟ ಸಾಕು. ‘ಈ ಪ್ರಾಜೆಕ್ಟ್‌ಗೆ ನಾನು ಬರೆದ ಮತ್ತು ಮುಂದೆ ಬರೆಯುವ ಕೋಡ್‌ನ ಹಕ್ಕು ನನ್ನದೇ ಆಗಿ ಉಳಿಯುತ್ತದೆ. ಅದನ್ನು ಅಪಾಚೆ 2.0 ಲೈಸೆನ್ಸ್‌ನಡಿ ಎಲ್ಲರಿಗೂ ಕೊಡಲು ಒಪ್ಪಿದ್ದೇನೆ. ಟೀಮ್ ಬಿಟ್ಟು ಹೋದರೂ ಈ ಒಪ್ಪಿಗೆ ಹಿಂತೆಗೆಯುವುದಿಲ್ಲ.’ ಕೆಳಗೆ ನಾಲ್ಕು ಹೆಸರು, ನಾಲ್ಕು ಸಹಿ, ತಾರೀಖು. ಸ್ಕ್ಯಾನ್ ಮಾಡಿ ನಾಲ್ವರ ಮೇಲ್‌ಗೂ ಕಳಿಸಿ. ಗೈಡ್ ಆಗಿರುವ ಮೇಷ್ಟ್ರು ಕೂಡ ಕೋಡ್ ಬರೆದಿದ್ದರೆ ಅವರ ಸಹಿಯೂ ಬೇಕು. ಸಲಹೆ ಮಾತ್ರ ಕೊಟ್ಟಿದ್ದರೆ ಬೇಕಿಲ್ಲ, ಏಕೆಂದರೆ ಐಡಿಯಾಗೆ ಕೃತಿಸ್ವಾಮ್ಯ ಇಲ್ಲ.

3. ನೌಕರಿಯಲ್ಲಿದ್ದರೆ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತನ್ನಿ

ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17 ಸ್ಪಷ್ಟವಾಗಿದೆ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯೇ ಮೊದಲ ಒಡೆಯ. ಕಚೇರಿ ಮುಗಿಸಿ ಮನೆಗೆ ಬಂದು ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಸಾಮಾನ್ಯವಾಗಿ ನಿಮ್ಮದು. ಆದರೆ ಅಪಾಯಿಂಟ್‌ಮೆಂಟ್ ಲೆಟರ್‌ನ ಹಿಂದಿನ ಪುಟಗಳನ್ನು ತಿರುವಿ ನೋಡಿ. ಕೆಲಸದ ವೇಳೆಯ ಒಳಗೂ ಹೊರಗೂ ನೀವು ಸೃಷ್ಟಿಸಿದ್ದೆಲ್ಲ ಕಂಪನಿಗೆ ಸೇರಿದ್ದು ಎಂಬ ಸಾಲು ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಅದಕ್ಕೆ ಸಹಿ ಹಾಕಿದವರು ಕೊಟ್ಟ ಪ್ಯಾಚ್ ಮುಂದೊಂದು ದಿನ ಇಡೀ ಪ್ರಾಜೆಕ್ಟ್‌ಗೆ ತೊಡಕಾಗಬಹುದು.

ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಂದು ಮೇಲ್ ಹಾಕಿ. ಪ್ರಾಜೆಕ್ಟ್‌ನ ಹೆಸರು, ಕೊಂಡಿ, ಲೈಸೆನ್ಸ್ ಯಾವುದು, ಕಂಪನಿಯ ಸಾಧನ ಮತ್ತು ಮಾಹಿತಿ ಬಳಸುವುದಿಲ್ಲ ಎಂಬ ಮಾತು, ‘ಆಕ್ಷೇಪಣೆ ಇಲ್ಲ ಎಂದು ತಿಳಿಸಿ’ ಎಂಬ ಕೋರಿಕೆ. ಬಾಯಿಮಾತಿನ ‘ಓಕೆ’ ಆ ಮ್ಯಾನೇಜರ್ ಕಂಪನಿ ಬಿಟ್ಟ ದಿನವೇ ಮುಗಿದುಹೋಗುತ್ತದೆ. ಮೇಲ್ ಉಳಿಯುತ್ತದೆ.

4. ಫ್ರೀಲಾನ್ಸರ್‌ಗಳೇ, ಐದು ವರ್ಷದ ನಿಯಮ ಗೊತ್ತಿರಲಿ

ಫ್ರೀಲಾನ್ಸರ್ ನೌಕರನಲ್ಲ. ದುಡ್ಡು ಪಡೆದು ಬರೆದ ಕೋಡ್‌ಗೂ ಮೊದಲ ಒಡೆತನ ಅವರದ್ದೇ. ಅದು ಗಿರಾಕಿಗೆ ಹೋಗಬೇಕಾದರೆ ಸೆಕ್ಷನ್ 19ರ ಪ್ರಕಾರ ಬರಹದಲ್ಲಿ, ಸಹಿಯೊಂದಿಗೆ ವರ್ಗಾವಣೆ ಆಗಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ.

ಇದೇ ನಿಯಮವನ್ನು ಸೆಕ್ಷನ್ 30ಎ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ನಮ್ಮ ಓಪನ್ ಸೋರ್ಸ್ ಬಳಗಗಳು ಇದರ ಕಡೆ ಸಾಕಷ್ಟು ಗಮನ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ಎಂಐಟಿ ಲೈಸೆನ್ಸ್ ಚಿಕ್ಕದು, ಚೆಂದದ್ದು; ಆದರೆ ಅದರಲ್ಲಿ ಅವಧಿಯ ಮಾತಿಲ್ಲ, ಪ್ರದೇಶದ ಮಾತೂ ಇಲ್ಲ. ಅಪಾಚೆ 2.0 ತನ್ನ ಅನುಮತಿ ಶಾಶ್ವತ, ಜಗತ್ತಿನಾದ್ಯಂತ ಎಂದು ಬಿಡಿಸಿ ಹೇಳುತ್ತದೆ. ಜಿಪಿಎಲ್‌ನ ಮೂರನೇ ಆವೃತ್ತಿ ಕೃತಿಸ್ವಾಮ್ಯ ಇರುವಷ್ಟು ಕಾಲವೂ ಅನುಮತಿ ಉಂಟು ಎನ್ನುತ್ತದೆ. ಭಾರತದಲ್ಲೇ ಹುಟ್ಟಿ ಭಾರತದಲ್ಲೇ ಬೆಳೆಯುವ ಪ್ರಾಜೆಕ್ಟ್‌ಗೆ ಈ ಎರಡರಲ್ಲಿ ಒಂದನ್ನು ಆರಿಸಿದರೆ ಅವಧಿಯ ಪ್ರಶ್ನೆಗೆ ಎಡೆಯೇ ಇರುವುದಿಲ್ಲ.

5. ಸ್ವಂತ ಲೈಸೆನ್ಸ್ ಬರೆಯಲು ಹೋಗಬೇಡಿ

ಸಿಂಪ್ಯೂಟರ್ ಟ್ರಸ್ಟ್ ಯಂತ್ರದ ವಿನ್ಯಾಸಕ್ಕಾಗಿ ‘ಸಿಂಪ್ಯೂಟರ್ ಜನರಲ್ ಪಬ್ಲಿಕ್ ಲೈಸೆನ್ಸ್’ ಎಂಬ ತನ್ನದೇ ಪರವಾನಗಿ ರೂಪಿಸಿತ್ತು. ವಿನ್ಯಾಸವನ್ನು ಯಾರು ಬೇಕಾದರೂ ಬೆಳೆಸಬಹುದು, ಸುಧಾರಣೆಯ ಲಾಭವನ್ನು ಸ್ವಲ್ಪ ಕಾಲ ತಾವೇ ಉಣ್ಣಬಹುದು, ಆಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಡಬೇಕು ಎಂಬುದು ಅದರ ತಿರುಳು. ಓಪನ್ ಹಾರ್ಡ್‌ವೇರ್‌ಗೆ ತಕ್ಕ ಲೈಸೆನ್ಸ್ ಸುಲಭಕ್ಕೆ ಸಿಗದಿದ್ದ ಕಾಲ ಅದು. ಅವರದು ದಿಟ್ಟ ಪ್ರಯತ್ನ. ಇಂದು ಆ ಕೊರತೆಯಿಲ್ಲ. ಹೊಸ ಲೈಸೆನ್ಸ್ ಬರೆದರೆ ಪ್ರತಿ ಕಂಪನಿಯ ವಕೀಲರೂ ಅದನ್ನು ಮೊದಲಿನಿಂದ ಓದಬೇಕು, ಬಹುತೇಕರು ಓದದೆ ಬದಿಗಿಡುತ್ತಾರೆ.

ಆಯ್ಕೆಗೆ ಎರಡೇ ಪ್ರಶ್ನೆ. ಬಳಸಿದವರು ತಮ್ಮ ತಿದ್ದುಪಡಿಯನ್ನು ಮುಚ್ಚಿಟ್ಟುಕೊಂಡರೂ ನಿಮಗೆ ಚಿಂತೆಯಿಲ್ಲವೇ? ಎಂಐಟಿ ಅಥವಾ ಅಪಾಚೆ. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ನಗರಾಡಳಿತಕ್ಕಾಗಿ ಕಟ್ಟಿದ ‘ಡಿಜಿಟ್’ ವೇದಿಕೆಯನ್ನು ಎಂಐಟಿಯಲ್ಲಿ ಕೊಟ್ಟಿದೆ. ಸರ್ಕಾರಗಳೂ ಕಂಪನಿಗಳೂ ಅಡ್ಡಿಯಿಲ್ಲದೆ ಎತ್ತಿಕೊಳ್ಳಲು ಅದು ಅನುಕೂಲ. ತಿದ್ದಿ ಹಂಚಿದವರು ತಿದ್ದಿದ ಕೋಡನ್ನೂ ಕೊಡಲೇಬೇಕು ಎನ್ನುವಿರಾ? ಜಿಪಿಎಲ್. ಸರ್ವರ್ ಮೇಲೆ ಸೇವೆಯಾಗಿ ಮಾತ್ರ ಓಡಿಸಿದರೂ ತಿದ್ದಿದ ಕೋಡ್ ಕೊಡಬೇಕು ಎಂದರೆ ಎಜಿಪಿಎಲ್.

ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ತಂಡ ಹೊಂದಿದ್ದ ಗ್ಲಸ್ಟರ್ ಕಂಪನಿಯನ್ನು 2011ರಲ್ಲಿ ರೆಡ್ ಹ್ಯಾಟ್ ಕೊಂಡಿತು. ಗ್ಲಸ್ಟರ್‌ನ ಫೈಲ್‌ಗಳ ತಲೆಯಲ್ಲಿ ಈಗ ‘ಜಿಪಿಎಲ್ ಎರಡನೇ ಆವೃತ್ತಿ, ಇಲ್ಲವೇ ಎಲ್‌ಜಿಪಿಎಲ್ ಮೂರು ಅಥವಾ ಮುಂದಿನದು, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ’ ಎಂಬರ್ಥದ ಒಕ್ಕಣೆಯಿದೆ. ಗ್ಲಸ್ಟರ್ ಕಟ್ಟಿದವರಲ್ಲಿ ಒಬ್ಬರಾದ ಆನಂದ್ ಬಾಬು ಪೆರಿಯಸಾಮಿ ಮುಂದೆ ಮಿನಿಯೊ ಆರಂಭಿಸಿದರು. ಅದು 2021ರಲ್ಲಿ ಅಪಾಚೆಯಿಂದ ಎಜಿಪಿಎಲ್‌ಗೆ ಹೊರಳಿತು. ವ್ಯಾಪಾರದ ದಾರಿ ಬದಲಾದರೆ ಲೈಸೆನ್ಸ್‌ನ ಅಗತ್ಯವೂ ಬದಲಾಗುತ್ತದೆ. ಮುಂದಿನ ಮೂರು ವರ್ಷವನ್ನಾದರೂ ಊಹಿಸಿ ಆರಿಸಿ.

6. ಬೆರೆಸುವ ಮೊದಲು ಹೊಂದುತ್ತದೆಯೇ ನೋಡಿ

ಅಪಾಚೆ 2.0 ಕೋಡ್ ಜಿಪಿಎಲ್ ಮೂರರೊಳಗೆ ಸೇರುತ್ತದೆ. ಎರಡನೇ ಆವೃತ್ತಿಗೆ ಮಾತ್ರ ಬಿಗಿದ ಪ್ರಾಜೆಕ್ಟ್‌ನಲ್ಲಿ ಸೇರುವುದಿಲ್ಲ. ಎಂಐಟಿ ಎಲ್ಲ ಕಡೆಯೂ ಸಲ್ಲುತ್ತದೆ, ಮೂಲ ಬರೆದವರ ಹೆಸರು ಮತ್ತು ಒಕ್ಕಣೆ ಅಳಿಸಬಾರದು ಅಷ್ಟೇ. ಪ್ರತಿ ಫೈಲ್‌ನ ಮೊದಲ ಸಾಲಿನಲ್ಲಿ ಲೈಸೆನ್ಸ್ ಯಾವುದೆಂದು ತಿಳಿಸುವ ಎಸ್‌ಪಿಡಿಎಕ್ಸ್ ಗುರುತು ಹಾಕಿಡಿ. ಅದು ಐಎಸ್‌ಒ ಒಪ್ಪಿದ ಮಾನಕ, ಯಂತ್ರವೇ ಓದಿ ಪಟ್ಟಿ ಮಾಡಿಕೊಡುತ್ತದೆ.

7. ಹೊರಗಿನವರ ಪ್ಯಾಚ್‌ಗೆ ‘ಸೈನ್ಡ್ ಆಫ್’ ಕೇಳಿ

2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ತನ್ನ ಯೂನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಎಂಬುದು ಅದರ ದೂರು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸಬೇಕಾದ ಪ್ರಮೇಯ ಬಂದಾಗ ಲಿನಸ್ ಟೊರ್ವಾಲ್ಡ್ಸ್ 2004ರಲ್ಲಿ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಪದ್ಧತಿ ತಂದರು. ಕಮಿಟ್ ಮಾಡುವಾಗ ‘-ಎಸ್’ ಸೇರಿಸಿದರೆ ಸಂದೇಶದ ಕೊನೆಯಲ್ಲಿ ‘ಸೈನ್ಡ್ ಆಫ್ ಬೈ’ ಎಂದು ನಿಮ್ಮ ಹೆಸರೂ ಮೇಲ್ ವಿಳಾಸವೂ ಕೂರುತ್ತವೆ. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಘೋಷಣೆ ಅದು. ಸಣ್ಣ ಪ್ರಾಜೆಕ್ಟ್‌ಗೆ ಇಷ್ಟು ಸಾಕು.

ಸಿಎಲ್‌ಎ (ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್) ಇನ್ನೊಂದು ಬಗೆ. ಅಲ್ಲಿ ಕೊಡುಗೆ ನೀಡುವವರು ಪ್ರಾಜೆಕ್ಟ್ ನಡೆಸುವ ಕಂಪನಿಗೆ ವಿಶಾಲವಾದ ಹಕ್ಕು ಬರೆದುಕೊಡುತ್ತಾರೆ. ಆಮೇಲೆ ಲೈಸೆನ್ಸ್ ಬದಲಿಸಲು ಕಂಪನಿ ಯಾರನ್ನೂ ಕೇಳಬೇಕಿಲ್ಲ. ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಿಸಿ ಸ್ಪರ್ಧಿಗಳಿಗೆ ಬಾಗಿಲು ಹಾಕಿತು. ಸ್ಪರ್ಧಿ ಕಂಪನಿಗಳೂ ಬಳಕೆದಾರರೂ ಸೇರಿ ಹಳೆಯ ಆವೃತ್ತಿಯಿಂದ ‘ಓಪನ್‌ಟೋಫು’ ಕವಲೊಡೆಸಿದರು. ಪುಕ್ಕಟೆ ದುಡಿಮೆ ಕೊಡುವ ಸ್ವಯಂಸೇವಕರು ಸಿಎಲ್‌ಎ ಪೂರ್ತಿ ಓದಿಯೇ ಒಪ್ಪಬೇಕು. ಓದದೆ ‘ಐ ಅಗ್ರೀ’ ಒತ್ತುವುದು ಬೇಡವೇ ಬೇಡ.

ಹಾಗೆಂದು ಸಿಎಲ್‌ಎ ಇಲ್ಲದವರ ಪಾಡೂ ಸುಲಭವಲ್ಲ. ವಿಎಲ್‌ಸಿ ಪ್ಲೇಯರ್‌ನವರು 2011-12ರಲ್ಲಿ ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ಹೋಗಬೇಕಾದಾಗ ವರ್ಷಗಳ ಹಿಂದೆ ಕೋಡ್ ಕೊಟ್ಟವರನ್ನೆಲ್ಲ ಹುಡುಕಿ ಒಬ್ಬೊಬ್ಬರ ಒಪ್ಪಿಗೆ ಪಡೆಯಬೇಕಾಯಿತು. ಕೊಡುಗೆದಾರರ ಹೆಸರು, ವಿಳಾಸಗಳ ಫೈಲ್ ಇಟ್ಟುಕೊಂಡು ವರ್ಷಕ್ಕೊಮ್ಮೆ ಸರಿಪಡಿಸುತ್ತಿರಿ.

8. ಕೋಡ್‌ಗೆ ಒಂದು, ಅಕ್ಷರಕ್ಕೆ ಒಂದು, ಪದಕೋಶಕ್ಕೆ ಒಂದು

ಕನ್ನಡದ ಕೆಲಸ ಮಾಡುವವರು ಈ ಸೂತ್ರವನ್ನು ಎರಡು ಸಲ ಓದಲಿ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಕೋಡ್‌ಗಿಂತ ಫಾಂಟು, ನಿಘಂಟು, ಅನುವಾದ, ಪುಸ್ತಕಗಳೇ ಹೆಚ್ಚು.

ಫಾಂಟ್ ಮೊದಲು. ಜಿಪಿಎಲ್‌ನಲ್ಲಿರುವ ಫಾಂಟನ್ನು ಪಿಡಿಎಫ್‌ನೊಳಗೆ ಸೇರಿಸಿದರೆ ಆ ದಾಖಲೆಗೂ ಜಿಪಿಎಲ್ ಅಂಟುತ್ತದೆಯೇ ಎಂಬ ಅನುಮಾನ ಪ್ರಕಾಶಕರನ್ನು ಕಾಡುತ್ತಿತ್ತು. ಎಸ್‌ಐಎಲ್‌ನ ಓಪನ್ ಫಾಂಟ್ ಲೈಸೆನ್ಸ್ ಈ ಅನುಮಾನವನ್ನು ಬಗೆಹರಿಸುತ್ತದೆ: ಫಾಂಟ್ ಮಾತ್ರ ಲೈಸೆನ್ಸ್‌ಗೆ ಒಳಪಡುತ್ತದೆ, ಅದರಿಂದ ಅಚ್ಚಾದ ಪುಸ್ತಕ ಒಳಪಡುವುದಿಲ್ಲ. ರೆಡ್ ಹ್ಯಾಟ್‌ನ ಲೋಹಿತ್ ಫಾಂಟುಗಳು, ಲೋಹಿತ್ ಕನ್ನಡವೂ ಸೇರಿ, 2011ರಲ್ಲಿ ಜಿಪಿಎಲ್ ಬಿಟ್ಟು ಈ ಲೈಸೆನ್ಸ್‌ಗೆ ಬಂದವು. ನೀವು ಕನ್ನಡ ಫಾಂಟ್ ಮಾಡುತ್ತಿದ್ದರೆ ಬೇರೆ ಯೋಚನೆ ಬೇಡ.

ಇನ್ನು ಪದಗಳು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರ್ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಕನ್ನಡ ಪದಗಳಿರುವ ಆ ಇಡೀ ದತ್ತಾಂಶ ‘ಓಪನ್ ಡೇಟಾಬೇಸ್ ಲೈಸೆನ್ಸ್’ನಲ್ಲಿದೆ. ಯಾರು ಬೇಕಾದರೂ ಅದರಿಂದ ಆ್ಯಪ್ ಮಾಡಬಹುದು, ಸ್ಪೆಲ್ ಚೆಕ್ಕರ್ ಮಾಡಬಹುದು. ಮೂಲವನ್ನು ಹೆಸರಿಸಬೇಕು, ದತ್ತಾಂಶವನ್ನು ಬೆಳೆಸಿ ಹೊರತಂದರೆ ಬೆಳೆಸಿದ್ದನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಒಬ್ಬರ ಆಯುಷ್ಯದ ದುಡಿಮೆಯನ್ನು ಯಾರೂ ಬೇಲಿ ಹಾಕಿ ತಮ್ಮದು ಮಾಡಿಕೊಳ್ಳದಂತೆ ಕಾಯುವ ಷರತ್ತು ಅದು. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಉಡುಗೊರೆಗಳು ಈಚೆಗೆ ಹೆಚ್ಚು ಬಂದಿಲ್ಲ.

ಲೇಖನ, ಕೈಪಿಡಿ, ಚಿತ್ರಗಳಿಗೆ ಕ್ರಿಯೇಟಿವ್ ಕಾಮನ್ಸ್. ಕನ್ನಡ ವಿಕಿಪೀಡಿಯ ಅದರ ‘ಹೆಸರಿಸಿ, ಹಾಗೆಯೇ ಹಂಚಿ’ ಎಂಬ ಬಗೆಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಒಪ್ಪಿಸಿದ್ದರಿಂದಲೇ ಅದನ್ನು ಇಂದು ಕನ್ನಡ ವಿಕಿಸೋರ್ಸ್‌ನಲ್ಲಿ ಓದಬಹುದು. ಆದರೆ ಕೋಡ್‌ಗೆ ಕ್ರಿಯೇಟಿವ್ ಕಾಮನ್ಸ್ ಹಾಕಬೇಡಿ, ಆ ಸಂಸ್ಥೆಯೇ ಬೇಡ ಎನ್ನುತ್ತದೆ.

ಅನುವಾದಕರಿಗೆ ಒಂದು ಮಾತು. ತಂತ್ರಾಂಶದ ಕನ್ನಡ ಅನುವಾದದ ಪಿಒ ಫೈಲ್ ತೆರೆದರೆ ತಲೆಯಲ್ಲಿ ವರ್ಷ, ಹಕ್ಕುದಾರರು, ಪ್ಯಾಕೇಜಿನ ಹೆಸರು ತುಂಬಬೇಕಾದ ಖಾಲಿ ಜಾಗಗಳಿರುತ್ತವೆ. ‘ಈ ಫೈಲ್ ಪ್ಯಾಕೇಜಿನ ಲೈಸೆನ್ಸ್‌ನಲ್ಲೇ ಹಂಚಿಕೆಯಾಗುತ್ತದೆ’ ಎಂಬ ಸಾಲೂ ಅಲ್ಲೇ ಇರುತ್ತದೆ. ಅವಸರದಲ್ಲಿ ಅದನ್ನೆಲ್ಲ ಖಾಲಿ ಬಿಟ್ಟು ಕೆಳಗಿನ ಸಾಲುಗಳನ್ನು ಅನುವಾದಿಸುವವರೇ ಹೆಚ್ಚು. ನಿಮ್ಮ ಹೆಸರು ತುಂಬಿ. ಅನುವಾದವೂ ಕೃತಿ, ಅನುವಾದಕರಿಗೂ ಹಕ್ಕಿದೆ.

9. ಹೆಸರು ಬೇರೆ, ಕೋಡ್ ಬೇರೆ

ಸಿಂಪ್ಯೂಟರ್‌ನ ವಿನ್ಯಾಸವನ್ನು ಬಳಸಲು ಅವಕಾಶವಿತ್ತು, ಆದರೆ ‘ಸಿಂಪ್ಯೂಟರ್’ ಎಂಬ ಹೆಸರು ಟ್ರಸ್ಟಿನ ಕೈಯಲ್ಲಿತ್ತು. ನಿಗದಿತ ಗುಣಮಟ್ಟಕ್ಕೆ ಹೊಂದಿದ ಯಂತ್ರಕ್ಕೆ ಮಾತ್ರ ಆ ಹೆಸರು. ಫೈರ್‌ಫಾಕ್ಸ್ ಕೋಡ್ ಮುಕ್ತವಾಗಿದ್ದರೂ ಟ್ರೇಡ್‌ಮಾರ್ಕ್ ತಕರಾರಿನಿಂದ ಡೆಬಿಯನ್ ಹತ್ತು ವರ್ಷ ಅದನ್ನು ‘ಐಸ್‌ವೀಸಲ್’ ಎಂದೇ ಕರೆಯಿತು. ಪ್ರಾಜೆಕ್ಟ್‌ನ ಹೆಸರು, ಲೋಗೋ ಯಾರ ವಶದಲ್ಲಿರಬೇಕು ಎಂದು ಎರಡನೇ ಸೂತ್ರದ ಅರ್ಧ ಪುಟದಲ್ಲೇ ಒಂದು ಸಾಲು ಬರೆದುಬಿಡಿ.

10. ಎಐ ಬರೆದುಕೊಟ್ಟರೆ ಹಾಗೆಂದು ಹೇಳಿ

ಕಂಪ್ಯೂಟರೇ ಸೃಷ್ಟಿಸಿದ ಕೃತಿಗೆ, ಅದನ್ನು ಸೃಷ್ಟಿಸಲು ಕಾರಣರಾದ ವ್ಯಕ್ತಿಯೇ ಕರ್ತೃ ಎಂದು ನಮ್ಮ ಕಾಯ್ದೆಯ ಸೆಕ್ಷನ್ 2(ಡಿ) ಹೇಳುತ್ತದೆ. ಆದರೆ ಎಐ ಕೊಟ್ಟ ಸಾಲುಗಳು ಬೇರೆಯವರ ಜಿಪಿಎಲ್ ಕೋಡ್‌ನ ನಕಲೇ ಆಗಿದ್ದರೆ ಈ ನಿಯಮ ನಿಮ್ಮನ್ನು ಕಾಯುವುದಿಲ್ಲ. ಜೆಂಟೂ ಮತ್ತು ನೆಟ್‌ಬಿಎಸ್‌ಡಿ 2024ರಲ್ಲಿ ಇಂಥ ಕೋಡ್‌ಗೆ ತಡೆ ಹಾಕಿದವು. ನಿಮ್ಮ ನಿಲುವು ಏನೇ ಇರಲಿ, ಕಮಿಟ್ ಸಂದೇಶದಲ್ಲಿ ನಮೂದಿಸುವ ರೂಢಿ ಮಾಡಿ.

11. ಯಾರಾದರೂ ಷರತ್ತು ಮುರಿದರೆ ಸುಮ್ಮನಿರಬೇಡಿ

ಉಚಿತವಾಗಿ ಕೊಟ್ಟದ್ದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ರಾಬರ್ಟ್ ಜೇಕಬ್‌ಸನ್ ಎಂಬ ಭೌತವಿಜ್ಞಾನಿ ಆಟಿಕೆ ರೈಲು ಓಡಿಸುವ ಮುಕ್ತ ತಂತ್ರಾಂಶಕ್ಕಾಗಿ ಹೋರಾಡಿದರು. ಲೈಸೆನ್ಸ್‌ನ ಷರತ್ತು ಮುರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗಬಹುದು ಎಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಫ್ರಾನ್ಸಿನಲ್ಲಿ ಎಂತ್ರೂವೆರ್ ಎಂಬ ಪುಟ್ಟ ಸಂಸ್ಥೆ ದೂರಸಂಪರ್ಕ ದೈತ್ಯ ಆರೆಂಜ್ ವಿರುದ್ಧ ವರ್ಷಗಟ್ಟಲೆ ನಡೆಸಿದ ಜಿಪಿಎಲ್ ಮೊಕದ್ದಮೆಯಲ್ಲಿ 2024ರಲ್ಲಿ ಲಕ್ಷಾಂತರ ಯೂರೊ ಪರಿಹಾರ ಗೆದ್ದಿತು.

ಕೋರ್ಟು ಕೊನೆಯ ಮೆಟ್ಟಿಲು. ಮೊದಲು ವಿನಯದ ಒಂದು ಮೇಲ್: ಯಾವ ಫೈಲ್, ಯಾವ ಷರತ್ತು, ಏನು ಸರಿಪಡಿಸಬೇಕು. ಜಿಪಿಎಲ್ ಮೂರರಲ್ಲಿ ಮೊದಲ ಬಾರಿ ತಪ್ಪಿದವರು ನೋಟಿಸ್ ಸಿಕ್ಕ 30 ದಿನದೊಳಗೆ ಸರಿಪಡಿಸಿಕೊಂಡರೆ ಅವರ ಹಕ್ಕು ಮರಳುತ್ತದೆ. ಹೆಚ್ಚಿನ ಪ್ರಕರಣಗಳು ಇಲ್ಲೇ ಮುಗಿಯಬೇಕು, ಮುಗಿದರೆ ಎಲ್ಲರಿಗೂ ಒಳ್ಳೆಯದು. ಅಲ್ಲಿಗೂ ಮುಗಿಯದಿದ್ದರೆ ಸೆಕ್ಷನ್ 62 ನಿಮ್ಮ ನೆರವಿಗಿದೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದಾವೆ ಹೂಡಬಹುದು, ಕೋಡ್ ಕದ್ದವರ ಊರಿಗೆ ಅಲೆಯಬೇಕಿಲ್ಲ. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿಕೊಂಡರೆ ಅದೇ ಮೇಲ್ನೋಟದ ಸಾಕ್ಷ್ಯ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಸೋರ್ಸ್ ಕೋಡ್‌ನ ಮೊದಲ 10 ಮತ್ತು ಕೊನೆಯ 10 ಪುಟ ಸಲ್ಲಿಸಿದರೆ ಸಾಕು.

ನಿಮ್ಮ ರೆಪೊವನ್ನು ಇವತ್ತೇ ತೆರೆದು ನೋಡಿ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಜೊತೆಗಾರರಿಗೆ ಫೋನ್ ಮಾಡಿ, ಎಲ್ಲರೂ ಇನ್ನೂ ಇದೇ ಊರಿನಲ್ಲಿರುವಾಗಲೇ ಆ ಅರ್ಧ ಪುಟಕ್ಕೆ ಸಹಿ ಹಾಕಿಸಿಕೊಳ್ಳಿ.